ಫ್ಲಾರೆನ್ಸ್‌ಗೆ ಹೊರಟವರು ಈ ಎರಡು ಹೆಸರು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ

ಇಟಲಿಯ ಫ್ಲಾರೆನ್ಸ್‌ನಲ್ಲಿ ಏನೇನು ನೋಡಬೇಕು ಅಂತ ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ. ಡೇವಿಡ್ ಮೂರ್ತಿ, ಬೊತ್ತಿಚೆಲ್ಲಿ ಚಿತ್ರಗಳನ್ನು ನೀವು ಹೇಗೂ ನೋಡುತ್ತೀರಿ, ಅವನ್ನು ಯಾರೂ ತಪ್ಪಿಸಿಕೊಳ್ಳುವುದಿಲ್ಲ. ಆದರೆ ಪ್ಲೌತಿಲ್ಲಾ ನೆಲ್ಲಿ, ಆರ್ತೆಮೀಸಿಯಾ ಜೆಂತಿಲೆಸ್ಕಿ ಅಂತ ಹಳೆಯ ಕಾಲದ ಇಬ್ಬರು ಚಿತ್ರಗಾರ್ತಿಯರ ಹೆಸರು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಇಲ್ಲದಿದ್ದರೆ ಅವರ ಚಿತ್ರಗಳ ಪಕ್ಕದಲ್ಲೇ ನಡೆದು ಹೋಗಿ ವಾಪಸ್ ಬರುತ್ತೀರಿ. ನನ್ನ ಮೊದಲ ಪ್ರವಾಸದಲ್ಲಿ ಆಗಿದ್ದೇ ಅದು. ಒಂದೂವರೆ ದಿನ ಸುತ್ತಿದ್ದೆ, ಊರಿಗೆ ಬಂದ ಮೇಲೆ ಯೋಚಿಸಿದರೆ ಹೆಂಗಸರು ಬರೆದ ಒಂದೇ ಒಂದು ಚಿತ್ರವೂ ನೆನಪಿಗೆ ಬರಲಿಲ್ಲ. ಮನಸ್ಸಿಗೆ ಬೇಜಾರಾಯಿತು. ಎರಡನೇ ಸಲ ಅಮ್ಮನನ್ನು ಕರೆದುಕೊಂಡು ಹೋದೆ. ಅಮ್ಮ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದವಳು. ಈ ಸಲ ಚೀಟಿ ಮೊದಲು, ಹೋಟೆಲ್ ಬುಕಿಂಗ್ ಆಮೇಲೆ.

ಮೊದಲು ದಿನಗಳ ಲೆಕ್ಕ ಹೇಳಿಬಿಡುತ್ತೇನೆ, ಯಾಕೆಂದರೆ ಎಲ್ಲ ಕೆಡುವುದು ಇಲ್ಲೇ. ಉಫೀಜಿ ಅನ್ನುವ ದೊಡ್ಡ ಚಿತ್ರ ಮ್ಯೂಸಿಯಂ ಮತ್ತು ಪಿತ್ತಿ ಅರಮನೆ ಸೋಮವಾರ ರಜೆ. ಕಾಸಾ ಬುವೊನಾರೊತ್ತಿ ಅನ್ನುವ ಚಿಕ್ಕ ಮ್ಯೂಸಿಯಂ ಮಂಗಳವಾರ ರಜೆ. ಸಾಂತಾ ಮಾರಿಯಾ ನೊವೆಲ್ಲಾ ಚರ್ಚು ಶುಕ್ರವಾರ ತಡವಾಗಿ ತೆಗೆಯುತ್ತದೆ, ಭಾನುವಾರ ಮಧ್ಯಾಹ್ನದ ಮೇಲೆ. ಸಾನ್ ಮಾರ್ಕೊ ಮ್ಯೂಸಿಯಂ ನಾವು ಹೋದಾಗ ಮಧ್ಯಾಹ್ನದವರೆಗೆ ಮಾತ್ರ ಇತ್ತು. ನಾವು ಮಂಗಳವಾರವೇ ಕಾಸಾ ಬುವೊನಾರೊತ್ತಿಗೆ ಹೋಗಿ, ಮುಚ್ಚಿದ ಬಾಗಿಲು ನೋಡಿ ಬಂದೆವು, ಅರ್ಧ ದಿನ ಹೋಯಿತು. ಮಂಗಳವಾರ ಸಂಜೆ ಊರು ಸೇರಿ, ಬುಧ, ಗುರು, ಶುಕ್ರ ಇಟ್ಟುಕೊಂಡರೆ ಎಲ್ಲ ಆರಾಮಾಗಿ ಆಗುತ್ತದೆ. ಹೊರಡುವ ಮುಂಚೆ ಆಯಾ ಜಾಗದ ವೆಬ್‌ಸೈಟಿನಲ್ಲಿ ವೇಳೆ ಇನ್ನೊಮ್ಮೆ ನೋಡಿ. ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಂಗಳು ಫ್ರೀ, ಆದರೆ ಆ ರಶ್‌ನಲ್ಲಿ ನಿಂತು ನೋಡುವುದು ಕಷ್ಟ. ದುಡ್ಡು ಕೊಟ್ಟೇ ಹೋಗಿ.

ಬೆಂಗಳೂರಿನಿಂದ ನೇರ ವಿಮಾನ ಇಲ್ಲ. ನಾವು ರೋಮ್‌ಗೆ ಹೋಗಿ, ತೆರ್ಮಿನಿ ಸ್ಟೇಷನ್‌ನಿಂದ ಫಾಸ್ಟ್ ಟ್ರೇನ್ ಹಿಡಿದೆವು, ಸುಮಾರು ಒಂದೂವರೆ ಗಂಟೆ. ಟಿಕೆಟ್ ಮುಂಚೆ ತಗೊಂಡಷ್ಟೂ ಅಗ್ಗ. ಇಟಲಿಗೆ ಬೇಕಾದ ಷೆಂಗೆನ್ ವೀಸಾಗೆ ಪ್ರಯಾಣಕ್ಕೆ 6 ತಿಂಗಳು ಇರುವಾಗಲೇ ಅರ್ಜಿ ಹಾಕಬಹುದು. ಬೇಸಿಗೆ ರಜೆಗೆ ಹೋಗುವವರು ಸುಮ್ನೆ ಕೊನೆ ಗಳಿಗೆವರೆಗೆ ಕಾಯಬೇಡಿ.

ಇನ್ನು ಚಿತ್ರಗಳು. ಫ್ಲಾರೆನ್ಸ್ ಸ್ಟೇಷನ್‌ನಿಂದ ಹೊರಗೆ ಬಂದು ರಸ್ತೆ ದಾಟಿದರೆ ಸಾಂತಾ ಮಾರಿಯಾ ನೊವೆಲ್ಲಾ. ಜಾಸ್ತಿ ಜನ ಮಸಾಚ್ಚೊ ಬರೆದ ಗೋಡೆ ಚಿತ್ರದ ಮುಂದೆ ಫೋಟೋ ತೆಗೆದುಕೊಂಡು ಹೊರಟುಬಿಡುತ್ತಾರೆ. ಅದೇ ಟಿಕೆಟ್‌ನಲ್ಲಿ ಒಳಗಿನ ಮ್ಯೂಸಿಯಂ ಕೂಡ ಸೇರಿದೆ. ಹಿಂದೆ ಸನ್ಯಾಸಿಗಳ ಊಟದ ಹಾಲ್ ಆಗಿದ್ದ ಜಾಗದಲ್ಲಿ ಸುಮಾರು 7 ಮೀಟರ್ ಉದ್ದದ 'ಕೊನೆಯ ಭೋಜನ' ಇದೆ, ಏಸು ತನ್ನ ಶಿಷ್ಯರ ಜೊತೆ ಕೊನೆಯ ಸಲ ಊಟಕ್ಕೆ ಕೂತ ಚಿತ್ರ. ಅದನ್ನು ಬರೆದವಳು ಪ್ಲೌತಿಲ್ಲಾ ನೆಲ್ಲಿ (1524–1588). 14ನೇ ವಯಸ್ಸಿಗೆ ಕಾನ್ವೆಂಟ್, ಅಂದರೆ ಸನ್ಯಾಸಿನಿಯರ ಮಠ ಸೇರಿದವಳು. ಅವಳಿಗೆ ಗುರು ಅಂತ ಯಾರೂ ಇರಲಿಲ್ಲ, ಫ್ರಾ ಬಾರ್ತೊಲೊಮೆಯೊ ಎಂಬ ಸನ್ಯಾಸಿ ಕಲಾವಿದ ಬಿಟ್ಟುಹೋದ ರೇಖಾಚಿತ್ರಗಳು ಕೈಗೆ ಸಿಕ್ಕಿದ್ದವು, ಅವನ್ನೇ ನೋಡಿ ನೋಡಿ ಕಲಿತಳು. ಹೆಂಗಸೊಬ್ಬಳು ಬರೆದ 'ಕೊನೆಯ ಭೋಜನ'ಗಳಲ್ಲಿ ಇಲ್ಲಿಯವರೆಗೆ ಗೊತ್ತಿರುವ ಮೊದಲನೆಯದು ಇದು. ಲಿಯೊನಾರ್ಡೊ ಮಿಲಾನ್‌ನಲ್ಲಿ ಬರೆದದ್ದು ಇಡೀ ಲೋಕಕ್ಕೆ ಗೊತ್ತು. ಇದು ಎಷ್ಟು ಜನಕ್ಕೆ ಗೊತ್ತು ಹೇಳಿ? ನೆಪೋಲಿಯನ್ ಕಾಲದಲ್ಲಿ ಕಾನ್ವೆಂಟ್ ಮುಚ್ಚಿತು, ಚಿತ್ರ ಜಾಗ ಬದಲಾಯಿಸುತ್ತಾ ಹೋಯಿತು, ಜನರ ಕಣ್ಣಿಂದ ದೂರವೇ ಉಳಿಯಿತು. ಜೇನ್ ಫಾರ್ಚೂನ್ ಎಂಬ ಅಮೆರಿಕದ ಮಹಿಳೆ ಕಟ್ಟಿದ ಸಂಸ್ಥೆಯೊಂದು ಜನರಿಂದ ಹಣ ಕೂಡಿಸಿ, 4 ವರ್ಷ ಕೆಲಸ ಮಾಡಿಸಿ ಇದನ್ನು ಸರಿಪಡಿಸಿತು. ಚಿತ್ರದಲ್ಲಿರುವ ಅಷ್ಟು ಜನ ಶಿಷ್ಯರನ್ನು ಒಬ್ಬೊಬ್ಬ ದಾನಿ ಒಬ್ಬೊಬ್ಬರಂತೆ 'ದತ್ತು' ತಗೊಂಡರಂತೆ, ನನಗೆ ಅದು ಬಹಳ ಇಷ್ಟವಾಯಿತು. 2019ರ ಅಕ್ಟೋಬರ್‌ನಿಂದ ಎಲ್ಲರೂ ನೋಡಬಹುದು.

ನಾನು ದೂರ ನಿಂತು ಮುಖಗಳನ್ನು ನೋಡುತ್ತಿದ್ದೆ. ಅಮ್ಮ ಹತ್ತಿರ ಹೋಗಿ ಮೇಜನ್ನು ನೋಡುತ್ತಿದ್ದಳು. "ನೋಡೇ ಇಲ್ಲಿ, ಮೇಜಿನ ಬಟ್ಟೆ ಪೆಟ್ಟಿಗೆಯಿಂದ ಈಗ ತೆಗೆದು ಹಾಸಿದ ಹಾಗಿದೆ, ಮಡಿಕೆ ಗೆರೆ ಹಾಗೇ ಇದೆ" ಅಂದಳು. ನೋಡಿದರೆ ಹೌದು. ಬಿಳಿ ಬಟ್ಟೆ ಮೇಲೆ ಚೌಕ ಚೌಕವಾಗಿ ಮಡಿಕೆ. ಅದರ ಮೇಲೆ ಬ್ರೆಡ್ಡು, ಸುಟ್ಟ ಕುರಿಮರಿ, ಲೆಟಿಸ್ ಸೊಪ್ಪು, ಅವರೆಗಿಂತ ದಪ್ಪನೆಯ ಫಾವಾ ಕಾಳು, ಉಪ್ಪಿನ ಬಟ್ಟಲು. ದಿನಾ ಮೇಜು ಅಣಿಮಾಡಿ ಗೊತ್ತಿದ್ದ ಕೈ ಬರೆದ ಊಟ ಅದು. ಎಡಗಡೆ ಮೇಲ್ಮೂಲೆಯಲ್ಲಿ ಅವಳ ಸಹಿ ಇದೆ, ಕತ್ತೆತ್ತಿ ಹುಡುಕಿ. 'ಒರಾತೆ ಪ್ರೊ ಪಿಕ್ತೋರಾ' ಅಂತ ಲ್ಯಾಟಿನ್‌ನಲ್ಲಿ ಬರೆದಿದ್ದಾಳೆ. ಚಿತ್ರ ಬರೆದವಳಿಗಾಗಿ ಪ್ರಾರ್ಥಿಸಿ ಅಂತ ಅರ್ಥ. ಬರೆದವನಿಗಾಗಿ ಅಲ್ಲ, ಬರೆದವಳಿಗಾಗಿ. ಅಮ್ಮ ಅದನ್ನು ಕೇಳಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಇಲ್ಲಿಗೆ ಕನಿಷ್ಠ ಒಂದು ಗಂಟೆ ಇಟ್ಟುಕೊಳ್ಳಿ. ಚರ್ಚು ಆದ್ದರಿಂದ ಭುಜ, ಮೊಣಕಾಲು ಮುಚ್ಚುವ ಬಟ್ಟೆ ಬೇಕು. ಚೂಡಿದಾರಕ್ಕೆ ಏನೂ ತೊಂದರೆ ಇಲ್ಲ.

ಅಲ್ಲಿಂದ ನಡೆದೇ ಸಾನ್ ಮಾರ್ಕೊಗೆ ಹೋಗಬಹುದು. ನೆಲ್ಲಿ ಇದ್ದ ಕಾನ್ವೆಂಟ್ ಆ ಚೌಕದ ಹತ್ತಿರವೇ ಇತ್ತು. ಮ್ಯೂಸಿಯಂನಲ್ಲಿ ಅವಳ ಇನ್ನೊಂದು ದೊಡ್ಡ ಚಿತ್ರ ಇದೆ. ಶಿಲುಬೆಯಿಂದ ಇಳಿಸಿದ ಏಸುವಿನ ಸುತ್ತ ಅಳುತ್ತಿರುವವರು. ಹೆಂಗಸರ ಕಣ್ಣು ನೋಡಿ, ಅತ್ತು ಅತ್ತು ಕೆಂಪಗಾಗಿವೆ. ವಸಾರಿ ಎಂಬ ಇಟಲಿಯ ಕಲಾವಿದ 1568ರಲ್ಲಿ ಕಲಾವಿದರ ಬಗ್ಗೆ ಬರೆದ ಪುಸ್ತಕದಲ್ಲಿ ಇವಳನ್ನೂ ಸೇರಿಸಿದ್ದಾನೆ, ಗಂಡಸರ ಹಾಗೆ ಎದುರಿಗೆ ಆಳು ಕೂರಿಸಿಕೊಂಡು ಕಲಿಯುವ ಅವಕಾಶ ಸಿಕ್ಕಿದ್ದರೆ ಇವಳು ಅದ್ಭುತ ಮಾಡುತ್ತಿದ್ದಳು ಅಂತ. ಅವನೇ ಬರೆದಿಟ್ಟರೂ ಮುಂದಿನವರು ಮರೆತರು, ಅಲ್ವಾ?

ಉಫೀಜಿಗೆ ಆನ್‌ಲೈನ್‌ನಲ್ಲಿ ಸಮಯ ಬುಕ್ ಮಾಡಿಕೊಳ್ಳಲೇಬೇಕು. ಅಲ್ಲಿ ದಾರಿ ಶುರುವಾಗುವುದು ಮೇಲಿನ ಮಹಡಿಯಿಂದ, ಆರ್ತೆಮೀಸಿಯಾ ಇರುವುದು ಕೆಳಗಿನ ಮಹಡಿಯಲ್ಲಿ, ಕಾರವಾಜ್ಜೊ ಚಿತ್ರಗಳ ಕಡೆ. ಅಷ್ಟು ಹೊತ್ತಿಗೆ ಕಾಲು ಸೋತು ಜನ ಬಾಗಿಲು ಹುಡುಕುತ್ತಿರುತ್ತಾರೆ. ಮೇಲೆ ಬೊತ್ತಿಚೆಲ್ಲಿ ನೋಡಿದ ಮೇಲೆ ಒಂದು ಕಾಫಿ ಕುಡಿದು, ಕೂತು, ಆಮೇಲೆ ಇಳಿಯಿರಿ. ತನ್ನ ಊರಿಗೆ ಮುತ್ತಿಗೆ ಹಾಕಿದ ಸೇನಾಧಿಪತಿಯ ಡೇರೆಗೆ ಬೈಬಲ್ ಕಥೆಯ ಜೂಡಿತ್ ಹೋಗಿ ಅವನ ತಲೆ ಕತ್ತರಿಸುವ ಚಿತ್ರ, ಸುಮಾರು 1620ರದ್ದು. ರಕ್ತ ಚಿಮ್ಮಿದೆ, ಆಳು ಹುಡುಗಿ ಮೈಭಾರವೆಲ್ಲ ಹಾಕಿ ಅವನನ್ನು ಒತ್ತಿ ಹಿಡಿದಿದ್ದಾಳೆ. ಮಕ್ಕಳಿದ್ದರೆ ಮುಂಚೆಯೇ ಹೇಳಿಡಿ. ಜೂಡಿತ್‌ಳ ಕೈಬಳೆಯಲ್ಲಿ ಪುಟ್ಟ ಪುಟ್ಟ ಆಕೃತಿಗಳಿವೆ, ಅದರಲ್ಲಿ ಒಂದು ಬೇಟೆಯ ದೇವತೆ ಆರ್ತೆಮಿಸ್ ಇರಬಹುದು ಅಂತ ತಿಳಿದವರು ಹೇಳುತ್ತಾರೆ, ತನ್ನ ಹೆಸರನ್ನೇ ಹಾಗೆ ಇಟ್ಟಿದ್ದಾಳೆ ಅಂತ. ಈ ಆರ್ತೆಮೀಸಿಯಾ ರೋಮ್‌ನಲ್ಲಿ ಹುಡುಗಿಯಾಗಿದ್ದಾಗ ಅತ್ಯಾಚಾರಕ್ಕೆ ಒಳಗಾದವಳು. 1612ರ ವಿಚಾರಣೆಯಲ್ಲಿ ಸತ್ಯ ಹೇಳಿಸುತ್ತೇವೆ ಅಂತ ಅವಳ ಬೆರಳುಗಳಿಗೇ ಹಗ್ಗ ಬಿಗಿದರು. ಚಿತ್ರ ಬರೆಯುವ ಬೆರಳು! ಅದಾದ ಮೇಲೆ ಫ್ಲಾರೆನ್ಸ್‌ಗೆ ಬಂದಳು, ಓದು ಬರಹ ಕಲಿತಳು, 1616ರಲ್ಲಿ ಇಲ್ಲಿನ ಕಲಾ ಅಕಾಡೆಮಿಗೆ ಸೇರಿದ ಮೊದಲ ಮಹಿಳೆಯಾದಳು. ಆದರೂ ಅವಳ ಬಗ್ಗೆ ಮಾತು ಶುರುವಾದರೆ ಎಲ್ಲರೂ ಆ ಕೇಸಿನಲ್ಲೇ ನಿಂತುಬಿಡುತ್ತಾರೆ, ನನಗೆ ಅದು ಸರಿ ಕಾಣುವುದಿಲ್ಲ. ಆ ಕೆಂಪು, ಆ ಬೆಳಕು, ಆ ತೋಳಿನ ಬಲ ನೋಡಿ. ಹಾಗೇ ಸ್ವಯಂಚಿತ್ರಗಳ ಕೋಣೆಗಳಲ್ಲಿ ಫ್ರಾನ್ಸಿನ ಚಿತ್ರಗಾರ್ತಿ ಎಲಿಜಬೆತ್ ವಿಜೆ ಲೆ ಬ್ರೂನ್ 1790ರಲ್ಲಿ ಬರೆದುಕೊಂಡ ತನ್ನ ಚಿತ್ರ ಹುಡುಕಿ. ಕಪ್ಪು ಉಡುಪು, ಸೊಂಟಕ್ಕೆ ಕೆಂಪು ಪಟ್ಟಿ, ಕೈಯಲ್ಲಿ ಬ್ರಷ್ಷು.

ಕಾಸಾ ಬುವೊನಾರೊತ್ತಿ ಚಿಕ್ಕ ಜಾಗ, ಮೈಕೆಲೇಂಜಲೊ ಮನೆತನದ್ದು, ವಿಯಾ ಗಿಬೆಲ್ಲಿನಾದಲ್ಲಿದೆ. ಅಲ್ಲಿ ಆರ್ತೆಮೀಸಿಯಾ ಬರೆದ ಚಿತ್ರ ಛಾವಣಿಯಲ್ಲಿದೆ, ದಿಕ್ಸೂಚಿ ಹಿಡಿದ ಹೆಣ್ಣು. ಆರ್ತೆಮೀಸಿಯಾ ಆ ಹೆಣ್ಣನ್ನು ಮೈಮೇಲೆ ಬಟ್ಟೆ ಇಲ್ಲದಂತೆ ಬರೆದಿದ್ದಳು, ಸುಮಾರು 70 ವರ್ಷ ಕಳೆದ ಮೇಲೆ ಮನೆಯವರು ಬೇರೊಬ್ಬ ಕಲಾವಿದನಿಂದ ಮೇಲೆ ಬಟ್ಟೆ ಬರೆಸಿದರು. ಈಚೆಗೆ ತಂತ್ರಜ್ಞಾನದಿಂದ ಒಳಗಿನ ರೂಪವನ್ನು ಕಂಡುಹಿಡಿದಿದ್ದಾರೆ, ಚಿತ್ರದ ಮೇಲಿನ ಬಟ್ಟೆಯನ್ನು ಮಾತ್ರ ತೆಗೆದಿಲ್ಲ. ತೆಗೆದರೆ ಅಡಿಯ ಬಣ್ಣಕ್ಕೇ ಪೆಟ್ಟು.

ಊಟದ ಚಿಂತೆ ಬೇಡ. ರಿಬೊಲ್ಲಿತಾ ಅಂತ ಬ್ರೆಡ್ಡು, ಕಾಳು, ಸೊಪ್ಪಿನ ಗಟ್ಟಿ ಸಾರು ಸಿಗುತ್ತದೆ, ಅಮ್ಮ ಮೂರು ದಿನ ಅದನ್ನೇ ತಿಂದಳು. 'ಸೆನ್ಸಾ ಕಾರ್ನೆ', ಅಂದರೆ ಮಾಂಸ ಇಲ್ಲದೆ ಅಂತ ಕೇಳಿ ಖಚಿತ ಮಾಡಿಕೊಳ್ಳಿ. ನೀರಿನ ಬಾಟಲಿ ಬೀದಿ ನಲ್ಲಿಯಲ್ಲಿ ತುಂಬಿಸಿಕೊಳ್ಳಬಹುದು.

ವಾಪಸ್ ರೈಲು ಶುಕ್ರವಾರ ಸಂಜೆಯದು. ಲಗೇಜ್ ಸ್ಟೇಷನ್ನಿನಲ್ಲಿ ಇಟ್ಟು ಬಾ, ಇನ್ನೊಂದು ಸಲ ನೋಡಿ ಬರೋಣ ಅಂತ ಅಮ್ಮ ಹಟ ಹಿಡಿದಳು. ಮತ್ತೆ ಟಿಕೆಟ್ ತಗೊಳ್ಳಬೇಕಾಯಿತು, ತಗೊಂಡೆವು. ನೆಲ್ಲಿಯ ಮೇಜಿನ ಎದುರು ನಿಂತು ಅಮ್ಮ ಬ್ಯಾಗಿನಿಂದ ಚಿಕ್ಕ ಪುಸ್ತಕ, ಪೆನ್ಸಿಲ್ ತೆಗೆದಳು. ಮೊದಲು ಬರೆದದ್ದು ಬಟ್ಟೆಯ ಮಡಿಕೆ ಗೆರೆ.