ಬೈಲು ಗದ್ದೆ ಕೆರೆಯೂ ಹೌದು, ಮೈದಾನವೂ ಹೌದು

2019ರ ಮೇ ತಿಂಗಳಲ್ಲಿ ಉಡುಪಿ ನಗರಕ್ಕೆ ಕುಡಿಯುವ ನೀರು ಕೊಡುವ ಸ್ವರ್ಣಾ ನದಿಯ ಬಜೆ ಅಣೆಕಟ್ಟು ಬರಿದಾಗಿತ್ತು. ಮರುವರ್ಷ, 2020ರ ಸೆಪ್ಟೆಂಬರ್ 20ರಂದು, ಅದೇ ಸ್ವರ್ಣಾ ಉಕ್ಕಿ ಮನೆಗಳಿಗೆ ನುಗ್ಗಿತು. ನಡುವೆ ಕಳೆದದ್ದು ಹದಿನಾರು ತಿಂಗಳು. ವರ್ಷಕ್ಕೆ ಹತ್ತಿರ ಹತ್ತಿರ 4,000 ಮಿ.ಮೀ. ಮಳೆ ಬೀಳುವ ಕರಾವಳಿಯಲ್ಲಿ ಒಂದು ಎಕರೆಯ ಮೇಲೆ ಬೀಳುವ ನೀರೇ ಸುಮಾರು 1.6 ಕೋಟಿ ಲೀಟರ್. ಆದರೂ ಮಾರ್ಚ್ ಬಂತೆಂದರೆ ಟ್ಯಾಂಕರ್. ಬಿದ್ದ ನೀರು ನಿಂತು ಇಂಗಲು ಬೇಕಾದ ಜಾಗವನ್ನು ನಾವು ತುಂಬಿಸುತ್ತಾ ಬಂದಿದ್ದೇವೆ.

ನಮ್ಮ ಹಿರಿಯರು ಗದ್ದೆಯನ್ನು ಬೆಟ್ಟು, ಮಜಲು, ಬೈಲು ಎಂದು ಮೂರಾಗಿ ನೋಡಿದರು. ಬೆಟ್ಟು ಎತ್ತರದ್ದು, ಬೈಲು ತಗ್ಗಿನದು, ಮಜಲು ನಡುವಿನದು. ಮೇಲಿನ ನೀರೆಲ್ಲ ಕೊನೆಗೆ ಬೈಲಿಗೆ ಇಳಿದು, ತೋಡು (ಸಣ್ಣ ಹಳ್ಳ) ಸೇರಿ, ಹೊಳೆಗೆ ಹೋಗಬೇಕು. ಒಂದು ಎಕರೆ ಬೈಲಿನಲ್ಲಿ ಒಂದಡಿ ನೀರು ನಿಂತರೆ 12 ಲಕ್ಷ ಲೀಟರ್, ಅಂದರೆ ಹನ್ನೆರಡು ಸಾವಿರ ಲೀಟರಿನ ನೂರು ಟ್ಯಾಂಕರ್. ಅಲ್ಲಿ ನಾಲ್ಕಡಿ ಕೆಂಪುಮಣ್ಣು ತುಂಬಿಸಿ ಮನೆ ಕಟ್ಟಿದರೆ ಆ ನೂರು ಟ್ಯಾಂಕರ್ ನೀರು ಪಕ್ಕದವರ ಅಂಗಳಕ್ಕೆ ಹೋಗುತ್ತದೆ. ಅದೇ ಬೈಲಿನಲ್ಲಿ ಕೊಯ್ಲು ಮುಗಿದ ಮೇಲೆ ವಾಲಿಬಾಲ್ ನೆಟ್ ಏಳುತ್ತದೆ, ಕ್ರಿಕೆಟ್ ಟೂರ್ನಮೆಂಟ್ ನಡೆಯುತ್ತದೆ, ರಾತ್ರಿ ಯಕ್ಷಗಾನದ ರಂಗಸ್ಥಳ ನಿಲ್ಲುತ್ತದೆ. ಮಳೆಗಾಲದ ನೀರಿನ ಜಾಗವೂ ಬೇಸಿಗೆಯ ಆಟದ ಜಾಗವೂ ಒಂದೇ. ನಗರ ಯೋಜನೆಯ ನಕ್ಷೆಗಳಲ್ಲಿ ಮಾತ್ರ ಉದ್ಯಾನಕ್ಕೆ ಹಸಿರು, ಜಲಮೂಲಕ್ಕೆ ನೀಲಿ ಎಂದು ಬೇರೆ ಬೇರೆ ಬಣ್ಣ. ಬೈಲಿಗೆ ಬಹಳ ಕಡೆ ವಸತಿಯ ಹಳದಿ.

2014ರ ಕೇಂದ್ರದ ನಗರ ಯೋಜನಾ ಮಾರ್ಗಸೂಚಿಯ ಪ್ರಕಾರ ತಲಾ 10ರಿಂದ 12 ಚದರ ಮೀಟರ್ ಬಯಲು ಜಾಗ ಬೇಕು. 25,000 ಜನರ ಪಟ್ಟಣಕ್ಕೆ ಅದು ಅರವತ್ತು ಎಪ್ಪತ್ತು ಎಕರೆ. ಅಷ್ಟನ್ನು ಕೊಂಡು ಪಾರ್ಕ್ ಮಾಡಲು ಯಾವ ಪುರಸಭೆಗೂ ಆಗದು. ಕೆರೆ, ಮದಕ (ಮಳೆನೀರು ನಿಲ್ಲುವ ಸಣ್ಣ ಕೆರೆ), ತೋಡಿನ ಬದಿ, ಬೈಲು, ಕಡಲತೀರ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರೆ ಮಾತ್ರ ಆ ಅಂಕಿ ಕೈಗೆಟಕುತ್ತದೆ.

ಊರಿನವರು ಸೇರಿ ಯೋಜನೆ ಮಾಡುವುದಾದರೆ ಎರಡು ಸಲ ಊರು ಸುತ್ತಬೇಕು. ಮೊದಲನೆಯದು ಜೂನ್–ಜುಲೈಯಲ್ಲಿ, ಜೋರು ಮಳೆ ಹೊಯ್ಯುವಾಗಲೇ. ನೀರು ಎಲ್ಲಿ ನಿಂತಿದೆ, ಎಲ್ಲಿಂದ ಎಲ್ಲಿಗೆ ಹರಿಯುತ್ತಿದೆ ಎಂದು ನೋಡಿ, ಕಾಂಪೌಂಡ್ ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಪೇಂಟಿನ ಗೆರೆ ಹಾಕಿ ತಾರೀಕು ಬರೆಯಬೇಕು. ಪ್ರತಿ ಮೋರಿಯ ಅಗಲ ಅಳೆಯಬೇಕು. ಎರಡಡಿ ವ್ಯಾಸದ ಒಂದು ಹ್ಯೂಮ್ ಪೈಪು ಕಸವಿಲ್ಲದೆ ತುಂಬಿ ಹರಿದರೂ, ಗಂಟೆಗೆ 50 ಮಿ.ಮೀ. ಮಳೆಯಲ್ಲಿ ಅದು ದಾಟಿಸುವುದು ಹೆಚ್ಚುಕಡಿಮೆ ಹತ್ತು ಎಕರೆಯ ನೀರನ್ನು. ನಾಲ್ಕು ಮೀಟರ್ ಅಗಲದ ತೋಡಿಗೆ ರಸ್ತೆ ದಾಟುವಲ್ಲಿ ಇಂಥ ಒಂದೇ ಪೈಪು ಹೂತಿಟ್ಟ ಜಾಗಗಳು ಪ್ರತಿ ಪಟ್ಟಣದಲ್ಲೂ ಸಿಗುತ್ತವೆ. ಪೈಪಿನ ಬಾಯಿಗೆ ತೆಂಗಿನ ಸಿಪ್ಪೆ, ಪ್ಲಾಸ್ಟಿಕ್ ಬಾಟಲಿ ಸಿಕ್ಕಿಕೊಂಡರೆ ಅದೂ ಇಲ್ಲ.

ಎರಡನೆಯದು ಏಪ್ರಿಲ್‌ನಲ್ಲಿ, ಬಾವಿಗಳ ಹತ್ತಿರ. ಕಟ್ಟೆಯಿಂದ ನೀರಿನವರೆಗೆ ಎಷ್ಟು ಆಳ ಎಂದು ಹಗ್ಗ ಇಳಿಸಿ ಅಳೆಯುವುದು, ನೀರಿನಲ್ಲಿ ಕರಗಿದ ಲವಣ ತೋರಿಸುವ ಟಿಡಿಎಸ್ ಮೀಟರ್ ಅದ್ದಿ ನೋಡುವುದು. ಮೀಟರಿನ ಅಂಕಿ 500ರ ಒಳಗಿದ್ದರೆ ಒಳ್ಳೆಯದು. 2,000 ದಾಟಿದರೆ ಕುಡಿಯಲು ಸಲ್ಲದು. ವಾರಕ್ಕೊಮ್ಮೆ ಅದೇ ಬಾವಿ, ಅದೇ ಹೊತ್ತು, ಪಂಪು ಹಾಕುವ ಮೊದಲು. ಕಡಲು–ಹೊಳೆಗಳ ನಡುವಿನ ಬೆಂಗ್ರೆಯಲ್ಲಿ ಇದು ಇನ್ನೂ ಮುಖ್ಯ. ಅಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರ ಮಟ್ಟಕ್ಕಿಂತ ಒಂದಡಿ ಮೇಲೆ ಸಿಹಿನೀರಿದ್ದರೆ ಕೆಳಗೆ ಸುಮಾರು ನಲವತ್ತು ಅಡಿ ಸಿಹಿನೀರು ಎಂಬುದು ಭೂಜಲ ಶಾಸ್ತ್ರದ ಹಳೆಯ ಲೆಕ್ಕ. ಹಾಗಾಗಿ ಮೇಲೆ ಅರ್ಧ ಅಡಿ ಇಳಿದರೂ ಕೆಳಗಿನಿಂದ ಉಪ್ಪು ಇಪ್ಪತ್ತು ಅಡಿ ಏರಿ ಬರುತ್ತದೆ. ಬೋರ್‌ವೆಲ್ ಕೊರೆದರೆ ನೇರ ಉಪ್ಪಿಗೇ ಕೈಹಾಕಿದ ಹಾಗೆ.

ಇನ್ನು ಮನೆ ಕಟ್ಟುವ ಐದು ಸೆಂಟ್ಸ್ ಜಾಗದ ವಿಷಯ. ಐದು ಸೆಂಟ್ಸ್ ಅಂದರೆ ಸುಮಾರು 202 ಚದರ ಮೀಟರ್, ಚೌಕವಾಗಿದ್ದರೆ ಬದಿಗೆ ಹದಿನಾಲ್ಕು ಮೀಟರ್. ಶೌಚದ ಇಂಗುಗುಂಡಿ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್ ದೂರ ಇರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಒಂದು ಮೂಲೆಯಲ್ಲಿ ಬಾವಿ, ಎದುರು ಮೂಲೆಯಲ್ಲಿ ಗುಂಡಿ ಇಟ್ಟರೆ ನಿಮ್ಮ ಜಾಗದಲ್ಲಿ ಲೆಕ್ಕ ಹೇಗೋ ಕೂಡಬಹುದು. ಆದರೆ ನಿಮ್ಮ ಬಾವಿಯ ಗೋಡೆಯಾಚೆ ಪಕ್ಕದ ಮನೆಯವರ ಗುಂಡಿ ಇದೆ. ನಮ್ಮ ನೆಲದ ಮುರಕಲ್ಲಿನ (ಕೆಂಪುಕಲ್ಲಿನ) ತೂತುಗಳಲ್ಲಿ ಕೊಳಚೆ ಸೋಸದೆ ಸರಸರನೆ ಹರಿಯುತ್ತದೆ. ಹತ್ತು ಮನೆ, ಹತ್ತು ಬಾವಿ, ಹತ್ತು ಗುಂಡಿ ಎಂಬ ಬಡಾವಣೆಯಲ್ಲಿ ಯಾರ ಬಾವಿಯೂ ಕ್ಷೇಮವಲ್ಲ. ಬಡಾವಣೆಗೆ ಬಿಟ್ಟ ಉದ್ಯಾನದ ಜಾಗ ಎತ್ತರದ ಕಡೆಗಿರಲಿ, ಅಲ್ಲೊಂದು ಸಾಮೂಹಿಕ ಬಾವಿ ಇರಲಿ, ಅದರ ಸುತ್ತ 18 ಮೀಟರಿನಲ್ಲಿ ಗುಂಡಿ ಬೇಡ. ಮಕ್ಕಳ ಉಯ್ಯಾಲೆಗೂ ಬಾವಿಯ ರಕ್ಷಣೆಗೂ ಅದೇ ಜಾಗ ಸಾಕು.

ಕೆರೆ ಅಭಿವೃದ್ಧಿ ಅಂದ ತಕ್ಷಣ ಎಲ್ಲರ ಕಣ್ಣೆದುರು ಬರುವುದು ಸುತ್ತ ಕಾಂಕ್ರೀಟ್ ಗೋಡೆ, ಇಂಟರ್‌ಲಾಕ್ ಹಾಸಿದ ವಾಕಿಂಗ್ ಪಾತ್, ಬಣ್ಣದ ದೀಪ. ಒಂದು ಎಕರೆ ಕೆರೆಯ ಸುತ್ತಳತೆ ಸುಮಾರು 250 ಮೀಟರ್. ಎರಡು ಮೀಟರ್ ಅಗಲದ ದಾರಿಯನ್ನು ಕೆರೆಯ ಒಳಗೇ ಕಟ್ಟಿದರೆ ಹನ್ನೆರಡು ಸೆಂಟ್ಸ್ ಹೋಯಿತು. ಎರಡು ಮೀಟರ್ ಆಳಕ್ಕೆ ಅದು 10 ಲಕ್ಷ ಲೀಟರ್ ನೀರು. ದಾರಿ ದಂಡೆಯ ಮೇಲೋ ಹೊರಗೋ ಇರಬೇಕು. ಗೋಡೆ ಅದಕ್ಕಿಂತ ಕೆಟ್ಟದ್ದು. ನಮ್ಮ ಕೆರೆಗಳಿಗೆ ಗುಡ್ಡದ ಕಡೆಯಿಂದ ಒರತೆ ಬರುತ್ತದೆ. ಕಾಂಕ್ರೀಟ್ ಕಟ್ಟಿದರೆ ಒರತೆ ಮುಚ್ಚುತ್ತದೆ, ಮಳೆಗಾಲದಲ್ಲಿ ಹಿಂದೆ ನಿಂತ ನೀರಿನ ಒತ್ತಡಕ್ಕೆ ಗೋಡೆಯೇ ಕೆರೆಗೆ ಬೀಳುತ್ತದೆ. ಹಳೆಯವರು ಮುರಕಲ್ಲನ್ನು ಗಾರೆಯಿಲ್ಲದೆ ಕಟ್ಟಿದ್ದು ಬಡತನಕ್ಕಲ್ಲ, ಸಂದಿಯಲ್ಲಿ ನೀರು ಒಸರಲಿ ಎಂದು.

ಹೂಳೆತ್ತುವ ಕೆಲಸ ಮಾರ್ಚ್‌ನಿಂದ ಮೇ ನಡುವೆ ಮುಗಿಯಬೇಕು. ಹೂಳು ಕಪ್ಪಗೆ, ಮೆತ್ತಗೆ, ವಾಸನೆಯಿಂದ ಕೂಡಿರುತ್ತದೆ. ಬಣ್ಣ ಬದಲಾಗಿ ಗಟ್ಟಿ ಜೇಡಿ ಕಂಡ ಕೂಡಲೇ ಜೆಸಿಬಿ ನಿಲ್ಲಿಸಬೇಕು. ಇನ್ನೂ ಆಳ ಮಾಡೋಣ ಎಂದು ನೀರು ಹಿಡಿದಿಡುವ ಆ ಪದರ ಒಡೆದರೆ ಡಿಸೆಂಬರ್ ಹೊತ್ತಿಗೇ ಕೆರೆ ಬತ್ತಬಹುದು. ತೋಡು ಕೆರೆಗೆ ಸೇರುವಲ್ಲಿ ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲ, ಒಂದು ಮೀಟರ್ ಆಳದ ಹೂಳುಗುಂಡಿ ಬೇಕು. ಮೇಯಲ್ಲೊಮ್ಮೆ, ಆಗಸ್ಟಿನಲ್ಲೊಮ್ಮೆ ಅದನ್ನು ಖಾಲಿ ಮಾಡದಿದ್ದರೆ ಇದ್ದೂ ಇಲ್ಲದ ಹಾಗೆ. ಮಕ್ಕಳು ಬರುವ ಬದಿಯಲ್ಲಿ ಎರಡಡಿ ಆಳದ, ಎರಡು ಮೀಟರ್ ಅಗಲದ ಮೆಟ್ಟಿಲಿನಂಥ ಅಂಚು ಬಿಟ್ಟರೆ ಕಾಲು ಜಾರಿದ ಮಗುವಿಗೆ ನಿಲ್ಲಲು ನೆಲ ಸಿಗುತ್ತದೆ.

ಮಳೆನೀರಿನ ಇಂಗುಗುಂಡಿ ಎಲ್ಲ ಕಡೆಗೂ ಒಳ್ಳೆಯದೆಂದು ತಿಳಿಯಬೇಡಿ. ಕೆಂಪುಕಲ್ಲಿನ ಅಡಿಯಲ್ಲಿ ಶೇಡಿ ಮಣ್ಣಿದೆ. ಒಣಗಿದಾಗ ಕಲ್ಲಿನಂತೆ, ನೆನೆದರೆ ಬೆಣ್ಣೆಯಂತೆ. ಹೆದ್ದಾರಿಗಾಗಿ ನೆಟ್ಟಗೆ ಕಡಿದ ಗುಡ್ಡದ ಅಂಚಿನಲ್ಲಿ ನೀರು ಇಂಗಿಸಿದರೆ ಶೇಡಿ ಕರಗಿ ಗುಡ್ಡ ಜರಿಯುತ್ತದೆ. ಅಂಥಲ್ಲಿ ನೀರನ್ನು ಚರಂಡಿಯಲ್ಲಿ ಕೆಳಗಿಳಿಸಿ ಮಜಲಿನಲ್ಲಿ ಇಂಗಿಸಬೇಕು.

ಸರಕಾರಿ ಮೈದಾನವಿದ್ದರೆ ಅದನ್ನು ಮಣ್ಣು ಹಾಕಿ ರಸ್ತೆಯ ಮಟ್ಟಕ್ಕೆ ತರಬೇಡಿ, ಒಂದಡಿ ತಗ್ಗಿನಲ್ಲೇ ಇರಲಿ. ತಳದಲ್ಲಿ ಆರು ಇಂಚಿನ ಒಂದು ಪೈಪು ಇಟ್ಟರೆ ಒಂದು ಎಕರೆಯಲ್ಲಿ ನಿಂತ ನೀರು ಹೆಚ್ಚುಕಡಿಮೆ ಒಂದು ದಿನದಲ್ಲಿ ಮೆಲ್ಲಗೆ ತೋಡಿಗೆ ಇಳಿಯುತ್ತದೆ. ವಾಲಿಬಾಲ್ ಅಂಕಣಕ್ಕೆ ಸುತ್ತ ಮೂರು ಮೀಟರ್ ಬಿಟ್ಟರೂ ಬೇಕಾದದ್ದು 24 ಮೀಟರಿಗೆ 15 ಮೀಟರ್, ಒಂಬತ್ತು ಸೆಂಟ್ಸ್. ಮಳೆಗಾಲದ ಆಟಕ್ಕೆ ಅಷ್ಟನ್ನು ಮಾತ್ರ ಎತ್ತರಿಸಿದರೆ ಸಾಕು. ಖಾಸಗಿ ಬೈಲಾದರೆ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಬಾಡಿಗೆಗೆ ಬರೆದುಕೊಳ್ಳಿ: ಹುಣಿ (ಗದ್ದೆಯ ಬದು) ಕಡಿಯುವಂತಿಲ್ಲ, ಸಿಮೆಂಟ್ ಪಿಚ್ ಹಾಕುವಂತಿಲ್ಲ. ಗದ್ದೆಯಿಂದ ಯಜಮಾನರಿಗೆ ನಾಲ್ಕು ಕಾಸು ಬಂದರೆ ಅದನ್ನು ಮಾರುವ ಯೋಚನೆ ಮುಂದಕ್ಕೆ ಹೋಗುತ್ತದೆ.

ಕಡಲತೀರದ ಮರಳು ಮಳೆಗಾಲದಲ್ಲಿ ಹೋಗುತ್ತದೆ, ನವೆಂಬರ್ ಹೊತ್ತಿಗೆ ಮರಳುತ್ತದೆ. ಜನವರಿಯ ಅಗಲ ನೋಡಿ ಬೆಂಚು ಹಾಕಿದವರು ಜುಲೈಯಲ್ಲಿ ಬೆಂಚು ಹುಡುಕುತ್ತಾರೆ. ಆಗಸ್ಟಿನ ಅಲೆ ಎಲ್ಲಿಗೆ ಬಂತೆಂದು ಕಂಬ ನೆಟ್ಟು ಗುರುತು ಮಾಡಿ, ಅದರಿಂದ ಹಿಂದಕ್ಕೆ ಯೋಜನೆ ಹಾಕಬೇಕು. ಪಡುಬಿದ್ರಿ, ಕಾಸರಕೋಡು ತೀರಗಳಿಗೆ 2020ರಲ್ಲಿ ಸ್ವಚ್ಛ ಕಡಲತೀರಕ್ಕೆ ಕೊಡುವ ಅಂತಾರಾಷ್ಟ್ರೀಯ ಮಾನ್ಯತೆ ಬ್ಲೂ ಫ್ಲ್ಯಾಗ್ ಸಿಕ್ಕಾಗ 33 ಮಾನದಂಡ ಪೂರೈಸಬೇಕಿತ್ತು, ನೀರಿನ ಪರೀಕ್ಷೆಯೂ ಅದರಲ್ಲಿತ್ತು. ಉಳಿದ ಊರುಗಳು ಕನಿಷ್ಠ ಆ ಪರೀಕ್ಷೆಯನ್ನಾದರೂ ಅನುಸರಿಸಲಿ. ಮರಳು ದಿಬ್ಬವನ್ನು ಸಮತಟ್ಟು ಮಾಡಬಾರದು. ನೇರಳೆ ಹೂವಿನ ಅಡಂಬು ಬಳ್ಳಿ ಹಬ್ಬಿದ ದಿಬ್ಬವೇ ಮೊದಲ ತಡೆಗೋಡೆ. ಜನ ನಡೆಯಲು ಒಂದೇ ಕಡೆ ಒಂದೂವರೆ ಮೀಟರ್ ಅಗಲದ ಮರದ ಹಾದಿಯನ್ನು ಎತ್ತರದಲ್ಲಿ ಹಾಕಿದರೆ ಬಳ್ಳಿ ಉಳಿಯುತ್ತದೆ.

ಇಷ್ಟನ್ನೂ ಕಾಗದಕ್ಕೆ ತರದಿದ್ದರೆ ಪ್ರಯೋಜನವಿಲ್ಲ. ದಕ್ಷಿಣ ಕನ್ನಡ, ಉಡುಪಿಯ ಹಳೆಯ ದಾಖಲೆಗಳಲ್ಲಿ ಇಂಥ ಸರಕಾರಿ ಜಾಗಕ್ಕೆ ಕೆರೆ ಪರಂಬೋಕು, ತೋಡು ಪರಂಬೋಕು ಎಂದು ಬರೆದಿರುತ್ತದೆ. ಸರಕಾರದ ದಿಶಾಂಕ್ ಆ್ಯಪಿನಲ್ಲಿ ಸ್ಥಳದಲ್ಲೇ ನಿಂತು ಸರ್ವೆ ನಂಬರ್ ನೋಡಿ, ಗ್ರಾಮ ನಕ್ಷೆ ಮತ್ತು ಪಹಣಿಯ ಜೊತೆ ತಾಳೆ ಹಾಕಿ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಮಾಸ್ಟರ್ ಪ್ಲಾನ್ ಕರಡು ಪ್ರಕಟವಾದ ಮೇಲೆ ಆಕ್ಷೇಪಣೆಗೆ 60 ದಿನ ಇರುತ್ತದೆ. ಕರಡು ಬಂದ ಮೇಲೆ ಅಳೆಯಲು ಹೊರಟರೆ ಆ ದಿನಗಳು ಸಾಲವು. ಐವತ್ತು ಜನ ಸಹಿ ಹಾಕಿದ ಒಂದೇ ಉದ್ದನೆಯ ಮನವಿ ಕೊಟ್ಟರೆ ಒಂದು ಸಾಲಿನ ಉತ್ತರದಲ್ಲಿ ಮುಗಿಯಬಹುದು. ಬದಲಿಗೆ ಸರ್ವೆ ನಂಬರಿಗೆ ಒಂದೊಂದು ಹಾಳೆ ಮಾಡಿ: ಮೇಲೆ ನಕ್ಷೆಯ ತುಂಡು, ನಡುವೆ ಗೋಡೆಯ ಪೇಂಟಿನ ಗೆರೆ ಕಾಣುವ ಜುಲೈಯ ಫೋಟೋ, ಕೆಳಗೆ ಈ ಜಾಗವನ್ನು ವಸತಿಯಿಂದ ತೆಗೆದು ಉದ್ಯಾನ ಮತ್ತು ಬಯಲು ಜಾಗಕ್ಕೆ ಸೇರಿಸಬೇಕೆಂಬ ಒಂದು ವಾಕ್ಯ. ಎರಡು ಪ್ರತಿ ಒಯ್ದು, ಒಂದರ ಮೇಲೆ ಸ್ವೀಕೃತಿಯ ಮೊಹರು ಮತ್ತು ತಾರೀಕು ಹಾಕಿಸಿಕೊಂಡೇ ಹಿಂದಿರುಗಿ.