ಕುಡಿಯುವ ನೀರಿನ ಪೈಪಿಗೆ ಕೊಳೆನೀರು ವಾಪಸ್ ನುಗ್ಗದಂತೆ

ನೀರು ತುಂಬಿದ ಡ್ರಮ್ಮಿನೊಳಗೆ ಹೋಸ್ ಪೈಪಿನ ಒಂದು ತುದಿ ಮುಳುಗಿದೆ, ಇನ್ನೊಂದು ತುದಿ ನಲ್ಲಿಗೆ ಸಿಕ್ಕಿಸಿದೆ, ನಲ್ಲಿ ತೆರೆದೇ ಇದೆ. ಆ ಹೊತ್ತಿಗೆ ಬೀದಿಯ ಮುಖ್ಯ ಲೈನಿನಲ್ಲಿ ಒತ್ತಡ ಬಿದ್ದುಹೋದರೆ ಡ್ರಮ್ಮಿನಲ್ಲಿದ್ದದ್ದು, ಸೋಪಿನ ನೀರಾಗಲಿ ಗಿಡಕ್ಕೆ ಕಲಸಿದ ಔಷಧಿಯಾಗಲಿ, ಪೈಪಿನೊಳಗೆ ಎಳೆದುಕೊಂಡು ಹೋಗುತ್ತದೆ. ಒತ್ತಡ ಮರಳಿದಾಗ ಅದು ಅಡುಗೆಮನೆಯ ನಲ್ಲಿಯಲ್ಲಿ ಇಳಿಯುತ್ತದೆ. ಪಕ್ಕದ ಮನೆಯ ನಲ್ಲಿಯಲ್ಲೂ ಇಳಿಯಬಹುದು. ಬ್ಯಾಕ್‌ಫ್ಲೋ ಅಂದರೆ ಇದು. ಬಣ್ಣ, ವಾಸನೆ ಇಲ್ಲದ ಪದಾರ್ಥವಾದರೆ ಕುಡಿದವರಿಗೆ ಗೊತ್ತೇ ಆಗುವುದಿಲ್ಲ.

ನೀರು ಹಿಂದಕ್ಕೆ ಹರಿಯುವುದಕ್ಕೆ ಎರಡು ಕಾರಣ, ಎರಡನ್ನೂ ಬೇರೆಬೇರೆಯಾಗಿ ಯೋಚಿಸಬೇಕು. ಮೊದಲನೆಯದು ಹೀರಿಕೆ. ಮುಖ್ಯ ಪೈಪು ಒಡೆದಾಗ, ರಿಪೇರಿಗೆಂದು ಲೈನು ಖಾಲಿ ಮಾಡಿದಾಗ, ಅಗ್ನಿಶಾಮಕದವರು ಹೈಡ್ರಂಟಿನಿಂದ ಒಮ್ಮೆಲೇ ನೀರೆಳೆದಾಗ, ಯಾರಾದರೂ ಮೋಟಾರನ್ನು ನೇರವಾಗಿ ಬೀದಿ ಲೈನಿಗೇ ಜೋಡಿಸಿದಾಗ ಪೈಪಿನೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕೆಳಗಿಳಿಯುತ್ತದೆ. ಗಾಳಿಯ ಒತ್ತಡ ಸುಮಾರು 10.3 ಮೀಟರ್ ಎತ್ತರದ ನೀರಿನ ಕಂಬವನ್ನು ಹೊರಬಲ್ಲದು. ಹಾಗಾಗಿ ಮೂರನೇ ಮಹಡಿಯ ಟಬ್ಬಿನಲ್ಲಿ ಮುಳುಗಿದ ಹ್ಯಾಂಡ್ ಶವರ್ ಕೂಡ, ಕೆಳಗೆ ಲೈನು ಖಾಲಿಯಾದಾಗ, ಟಬ್ಬಿನ ನೀರನ್ನು ಚೆನ್ನಾಗಿಯೇ ಎಳೆಯುತ್ತದೆ. ಎರಡನೆಯದು ಎದುರೊತ್ತಡ. ಬಾಯ್ಲರ್, ಬೂಸ್ಟರ್ ಪಂಪು, ಎತ್ತರದ ಟ್ಯಾಂಕು ಇವುಗಳ ಒತ್ತಡ ಬರುವ ಲೈನಿನ ಒತ್ತಡಕ್ಕಿಂತ ಹೆಚ್ಚಾದರೆ ನೀರು ಹಿಂದಕ್ಕೆ ತಳ್ಳಿಕೊಳ್ಳುತ್ತದೆ. 10 ಮೀಟರ್ ಎತ್ತರಕ್ಕೆ ಸರಿಸುಮಾರು 1 ಬಾರ್ ಲೆಕ್ಕ. 30 ಮೀಟರ್ ಮೇಲಿನ ಟ್ಯಾಂಕಿನಿಂದ ಇಳಿಯುವ ಪೈಪನ್ನು 2 ಬಾರ್ ಇರುವ ಬೀದಿ ಲೈನಿಗೆ ಎಲ್ಲೋ ಒಂದು ಕಡೆ ಕೂಡಿಸಿದರೆ ಗೆಲ್ಲುವುದು ಟ್ಯಾಂಕಿನ ನೀರೇ.

ಈ ವ್ಯತ್ಯಾಸ ತಿಳಿಯದೆ ಸಾಧನ ಕೊಂಡರೆ ದುಡ್ಡು ದಂಡ. ಹೀರಿಕೆಗೆಂದು ಮಾಡಿದ ವ್ಯಾಕ್ಯೂಮ್ ಬ್ರೇಕರ್, ಅಂದರೆ ಹೀರಿಕೆ ಬಂದಾಗ ಪೈಪಿನೊಳಗೆ ಗಾಳಿ ಬಿಡುವ ಸಾಧನ, ಎದುರೊತ್ತಡವನ್ನು ತಡೆಯುವುದಿಲ್ಲ.

ಸಾಧನಗಳ ಮಾತಿಗೆ ಮೊದಲು ಗಾಳಿಯ ಅಂತರದ ಮಾತು. ನೀರು ಬೀಳುವ ಪೈಪಿನ ಬಾಯಿಗೂ ಕೆಳಗಿನ ತೊಟ್ಟಿಯ ಅಂಚಿಗೂ ನಡುವೆ ಬರೀ ಗಾಳಿ ಇದ್ದರೆ ಹೀರಿಕೊಳ್ಳುವುದಕ್ಕೆ ನೀರೇ ಸಿಗುವುದಿಲ್ಲ, ತಳ್ಳುವುದಕ್ಕೆ ದಾರಿಯೇ ಇರುವುದಿಲ್ಲ. ಸವೆಯುವ ವಾಷರ್ ಇಲ್ಲ, ತುಕ್ಕು ಹಿಡಿಯುವ ಸ್ಪ್ರಿಂಗ್ ಇಲ್ಲ. ಇದಕ್ಕಿಂತ ನಂಬಿಕಸ್ತ ರಕ್ಷಣೆ ಇನ್ನೊಂದಿಲ್ಲ. ಅಂತರ ಪೈಪಿನ ಬಾಯಿಯ ಒಳವ್ಯಾಸದ ಎರಡರಷ್ಟಿರಬೇಕು, ಎಷ್ಟೇ ಸಣ್ಣ ಪೈಪಾದರೂ 25 ಮಿಲಿಮೀಟರಿಗೆ ಕಡಿಮೆಯಾಗಬಾರದು. ಪೈಪು ಗೋಡೆಗೆ ಒತ್ತಿಕೊಂಡಿದ್ದರೆ ಮೂರರಷ್ಟು ಬಿಡಿ. 20 ಮಿಲಿಮೀಟರ್ ಪೈಪಿಗೆ 40, ಗೋಡೆ ಪಕ್ಕದಲ್ಲಾದರೆ 60.

ಸಂಪು, ಓವರ್‌ಹೆಡ್ ಟ್ಯಾಂಕುಗಳಲ್ಲಿ ಈ ಅಂತರ ಕೆಡುವುದು ಸಣ್ಣ ಸಣ್ಣ ಕಾರಣಕ್ಕೆ. ಬಾಲ್ ಕಾಕ್‌ನಿಂದ (ಟ್ಯಾಂಕು ತುಂಬಿದಾಗ ನೀರು ನಿಲ್ಲಿಸುವ, ತೇಲುವ ಚೆಂಡಿನ ವಾಲ್ವ್) ನೀರು ಬೀಳುವ ಸದ್ದು ಜಾಸ್ತಿ ಅಂತ ಅದರ ಬಾಯಿಗೆ ಒಂದು ತುಂಡು ಪೈಪು ಸಿಕ್ಕಿಸಿ ನೀರಿನೊಳಕ್ಕೆ ಇಳಿಬಿಟ್ಟಿರುತ್ತಾರೆ. ಅಲ್ಲಿಗೆ ಅಂತರ ಮುಗಿಯಿತು. ಆ ತುಂಡನ್ನು ಕಿತ್ತುಬಿಡಿ. ಇನ್ನೊಂದು, ಓವರ್‌ಫ್ಲೋ ಪೈಪು ಒಳಬರುವ ಪೈಪಿನಷ್ಟೇ ಸಣ್ಣದಾಗಿರುವುದು. ಒಳಬರುವ ನೀರು ಒತ್ತಡದಿಂದ ಬರುತ್ತದೆ, ಓವರ್‌ಫ್ಲೋ ಬರೀ ಇಳಿಜಾರಿನಿಂದ ಹೋಗುತ್ತದೆ. ಬಾಲ್ ಕಾಕ್ ಕೆಟ್ಟ ದಿನ ನೀರು ಓವರ್‌ಫ್ಲೋ ಮಟ್ಟ ದಾಟಿ ಮೇಲೇರಿ ಒಳಬರುವ ಪೈಪಿನ ಬಾಯನ್ನೇ ಮುಳುಗಿಸುತ್ತದೆ. ಓವರ್‌ಫ್ಲೋ ಕನಿಷ್ಠ ಒಂದು ಸೈಜು, ಸಾಧ್ಯವಾದರೆ ಎರಡು ಸೈಜು ದೊಡ್ಡದಿರಲಿ. ಬಾಲ್ ಕಾಕ್ ತೆರೆದಿಟ್ಟು ನೀರು ಎಲ್ಲಿವರೆಗೆ ಏರುತ್ತದೆ ಎಂದು ಕಣ್ಣಾರೆ ನೋಡಿ, ಅಂತರವನ್ನು ಆ ಮಟ್ಟದಿಂದ ಅಳೆಯಿರಿ.

ಬೋರ್‌ವೆಲ್ ನೀರು, ಬೀದಿ ನೀರು ಎರಡೂ ಇರುವ ಕಟ್ಟಡಗಳಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಹೆದರುವುದು ಎರಡೂ ಲೈನುಗಳನ್ನು ಟೀ ಹಾಕಿ ಕೂಡಿಸಿ ನಡುವೆ ಒಂದು ಗೇಟ್ ವಾಲ್ವ್ ಇಟ್ಟಿರುವ ಜೋಡಣೆಗೆ. ಗೇಟ್ ವಾಲ್ವಿನ ಸೀಟಿನಲ್ಲಿ ಮರಳು, ಸುಣ್ಣ ಕೂತು ಕೆಲವು ವರ್ಷಗಳಲ್ಲಿ ಅದು ಪೂರ್ತಿ ಮುಚ್ಚುವುದನ್ನು ಬಿಡುತ್ತದೆ, ಹ್ಯಾಂಡಲ್ ಬಿಗಿಯಾಗಿ ನಿಂತರೂ ಒಳಗೆ ನೀರು ಜಿನುಗುತ್ತಿರುತ್ತದೆ. ಆ ಜೋಡಣೆಯನ್ನು ಕತ್ತರಿಸಿ ಎರಡೂ ತುದಿಗೆ ಪ್ಲಗ್ ಹಾಕಿ. ಎರಡೂ ನೀರು ಬೇಕೇ ಬೇಕಾದರೆ ಎರಡೂ ಪೈಪುಗಳು ಬೇರೆಬೇರೆಯಾಗಿ, ಅಂತರ ಬಿಟ್ಟು, ಸಂಪಿನೊಳಗೆ ಬೀಳಲಿ.

ಸಾಮಾನ್ಯವಾಗಿ ಕೇಳುವ ಪ್ರಶ್ನೆ: ಒಂದು ಎನ್‌ಆರ್‌ವಿ, ಅಂದರೆ ನೀರನ್ನು ಒಂದೇ ದಿಕ್ಕಿಗೆ ಬಿಡುವ ನಾನ್-ರಿಟರ್ನ್ ವಾಲ್ವ್, ಹಾಕಿದರೆ ಸಾಲದೇ? ಸಾಲದು. ಪಂಪಿನ ಮೇಲಿನ ನೀರು ವಾಪಸ್ ಬೀಳದಿರಲು ಅದು ಸರಿ, ಕುಡಿಯುವ ನೀರಿನ ರಕ್ಷಣೆಗೆ ಅಲ್ಲ. ಫ್ಲಾಪಿನ ಕೆಳಗೆ ಒಂದು ಮರಳಿನ ಕಾಳು, ಒಂದು ಎಳೆ ಟೆಫ್ಲಾನ್ ಟೇಪು ಸಿಕ್ಕಿಕೊಂಡರೆ ಸಾಕು, ಬಾಗಿಲು ಅರೆತೆರೆದೇ ನಿಲ್ಲುತ್ತದೆ. ಮಾಮೂಲಿ ಎನ್‌ಆರ್‌ವಿಯನ್ನು ಬಿಚ್ಚದೆ ಪರೀಕ್ಷಿಸುವ ದಾರಿಯೂ ಇಲ್ಲ, ಆದ್ದರಿಂದ ಅದು ಕೆಟ್ಟಿರುವುದು ಗೊತ್ತಾಗುವುದು ನೀರು ಕೆಟ್ಟ ಮೇಲೆಯೇ.

ಮನೆಗಳಲ್ಲಿ ಅಪಾಯದ ಬಹುಪಾಲು ಹೋಸ್ ಸಿಕ್ಕಿಸುವ ನಲ್ಲಿಗಳಲ್ಲಿದೆ. ಅಲ್ಲಿಗೆ ಹೋಸ್ ವ್ಯಾಕ್ಯೂಮ್ ಬ್ರೇಕರ್ ಸಾಕು. ನಲ್ಲಿಯ ಥ್ರೆಡ್ಡಿಗೆ, ಸಾಮಾನ್ಯವಾಗಿ ಮುಕ್ಕಾಲು ಇಂಚು, ಕೈಯಲ್ಲೇ ತಿರುಗಿಸಿ ಕೂರಿಸಿ, ಪಕ್ಕದ ಸಣ್ಣ ಸ್ಕ್ರೂವನ್ನು ಅದರ ತಲೆ ಮುರಿಯುವವರೆಗೆ ಬಿಗಿ ಮಾಡಿದರೆ ಯಾರೂ ಬಿಚ್ಚಲಾಗದು. ಒಳಗೊಂದು ರಬ್ಬರ್ ಬಿಲ್ಲೆ ಇರುತ್ತದೆ. ನೀರು ಮುಂದಕ್ಕೆ ಹರಿಯುವಾಗ ಬಿಲ್ಲೆ ಸುತ್ತಲಿನ ಗಾಳಿ ತೂತುಗಳನ್ನು ಮುಚ್ಚುತ್ತದೆ. ಹೀರಿಕೆ ಬಂದಾಗ ಸ್ಪ್ರಿಂಗ್ ಅದನ್ನು ಹಿಂದಕ್ಕೆ ತಳ್ಳಿ ನೀರಿನ ದಾರಿ ಮುಚ್ಚುತ್ತದೆ, ತೂತುಗಳು ತೆರೆದು ಹೋಸಿನೊಳಗೆ ಗಾಳಿ ನುಗ್ಗುತ್ತದೆ. ನಲ್ಲಿ ನಿಲ್ಲಿಸಿದಾಗ ಆ ತೂತುಗಳಿಂದ ಸ್ವಲ್ಪ ನೀರು ಚೆಲ್ಲಿದರೆ ಅದು ದೋಷವಲ್ಲ, ಕೆಲಸ ಮಾಡುತ್ತಿದೆ ಎಂಬ ಗುರುತು. ಆದರೆ ಹೋಸಿನ ತುದಿಯ ಗನ್ ಮುಚ್ಚಿ ನಲ್ಲಿಯನ್ನು ತೆರೆದೇ ಬಿಡುವ ಅಭ್ಯಾಸ ಬೇಡ. ಸದಾ ಒತ್ತಡದಲ್ಲಿದ್ದರೆ ಬಿಲ್ಲೆ ಅಲ್ಲೇ ಅಂಟಿಕೊಳ್ಳುತ್ತದೆ. ಟಾಯ್ಲೆಟ್ಟಿನ ಹೆಲ್ತ್ ಫಾಸೆಟ್ ವಿಷಯವೂ ಹೀಗೇ: ಬಳಸಿದ ಮೇಲೆ ಗೋಡೆಯ ಆಂಗಲ್ ವಾಲ್ವ್ ಮುಚ್ಚಿ, ಅದರ ಪೈಪು ಕಮೋಡಿನೊಳಗೆ ಬೀಳುವಷ್ಟು ಉದ್ದ ಇರದಂತೆ ಕೊಕ್ಕೆ ಹಾಕಿ.

ತೋಟದ ಸ್ಪ್ರಿಂಕ್ಲರ್ ಲೈನಿಗೆ ಎತ್ತರದ ಲೆಕ್ಕ ಮುಖ್ಯ. ಸ್ಪ್ರಿಂಗ್ ಇಲ್ಲದ ಮಾಮೂಲಿ ವ್ಯಾಕ್ಯೂಮ್ ಬ್ರೇಕರನ್ನು ಮುಂದಿನ ಅತಿ ಎತ್ತರದ ಸ್ಪ್ರಿಂಕ್ಲರಿಗಿಂತ 150 ಮಿಲಿಮೀಟರ್ ಮೇಲೆ ಕೂರಿಸಬೇಕು. ಅದರ ಮುಂದೆ ಯಾವ ವಾಲ್ವೂ ಇರಕೂಡದು, ದಿನಕ್ಕೆ 12 ಗಂಟೆಗಿಂತ ಹೆಚ್ಚು ಅದು ಒತ್ತಡದಲ್ಲಿರಕೂಡದು. ಸದಾ ಒತ್ತಡ ಇರುವ ಲೈನಾದರೆ ಸ್ಪ್ರಿಂಗ್ ಇರುವ ಪ್ರೆಷರ್ ವ್ಯಾಕ್ಯೂಮ್ ಬ್ರೇಕರ್ ಬೇಕು, ಅದಕ್ಕೆ 300 ಮಿಲಿಮೀಟರ್ ಎತ್ತರ. ನೆಲದೊಳಗಿನ ಗುಂಡಿಯಲ್ಲಿ ನಲ್ಲಿ ಇಡುವುದು ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ 1969ರ ಉದಾಹರಣೆಯೊಂದಿದೆ. ಅಮೆರಿಕದ ಹೋಲಿ ಕ್ರಾಸ್ ಕಾಲೇಜಿನ ಫುಟ್‌ಬಾಲ್ ತಂಡದ ಬಹುತೇಕ ಆಟಗಾರರಿಗೆ ಹೆಪಟೈಟಿಸ್ ಹಬ್ಬಿತು. ಹತ್ತಿರದಲ್ಲಿ ಬೆಂಕಿ ನಂದಿಸಲು ನೀರೆಳೆದಾಗ ಲೈನಿನ ಒತ್ತಡ ಕುಸಿದು, ಮೈದಾನದ ನೆಲಮಟ್ಟದ ಗುಂಡಿಯಲ್ಲಿ ನಿಂತಿದ್ದ ಕಲುಷಿತ ನೀರು ಕುಡಿಯುವ ನೀರಿಗೆ ಸೇರಿತ್ತು. ಆ ವರ್ಷದ ಉಳಿದ ಪಂದ್ಯಗಳನ್ನೆಲ್ಲ ತಂಡ ಕೈಬಿಡಬೇಕಾಯಿತು.

ವ್ಯಾಪಾರದ ಕಟ್ಟಡಗಳಲ್ಲಿ ಪ್ರಶ್ನೆ ಸರಳ: ಹಿಂದಕ್ಕೆ ಬರುವ ನೀರು ಬರೀ ಅಸಹ್ಯವೋ, ಆರೋಗ್ಯಕ್ಕೆ ಅಪಾಯವೋ? ಔಷಧಿ ಬೆರೆಸದ ಬೆಂಕಿ ಸ್ಪ್ರಿಂಕ್ಲರ್ ಲೈನಿನಂಥ ಕಡೆ ಡಬಲ್ ಚೆಕ್ ಸಾಕು. ಇದರಲ್ಲಿ ಒಂದರ ಹಿಂದೆ ಒಂದು ಎರಡು ಸ್ವತಂತ್ರ ಚೆಕ್ ವಾಲ್ವ್ (ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್), ಎರಡು ಬದಿಗೆ ಮುಚ್ಚುವ ವಾಲ್ವ್, ಪರೀಕ್ಷೆಗೆ ನಾಲ್ಕು ಸಣ್ಣ ಕಾಕ್ ಇರುತ್ತವೆ. ರಾಸಾಯನಿಕ ಸೇರಿಸುವ ಬಾಯ್ಲರ್, ಕೂಲಿಂಗ್ ಟವರ್, ಲ್ಯಾಬು, ಆಸ್ಪತ್ರೆ, ಲಾಂಡ್ರಿ, ಗೊಬ್ಬರ ಬೆರೆಸುವ ತೋಟದ ಲೈನು ಇವುಗಳಿಗೆ ಆರ್‌ಪಿಝಡ್ (ರೆಡ್ಯೂಸ್ಡ್ ಪ್ರೆಷರ್ ಝೋನ್, ನಡುವೆ ಕಡಿಮೆ ಒತ್ತಡದ ಕೋಣೆ ಇರುವ ಸಾಧನ) ಬೇಕು. ಇದರಲ್ಲಿ ಎರಡು ಚೆಕ್ ವಾಲ್ವುಗಳ ನಡುವಿನ ಕೋಣೆಯ ಒತ್ತಡ ಯಾವಾಗಲೂ ಒಳಬರುವ ಒತ್ತಡಕ್ಕಿಂತ ಕಡಿಮೆ ಇರುತ್ತದೆ. ಆ ವ್ಯತ್ಯಾಸ 2 ಪಿಎಸ್‌ಐಗೆ (ಸುಮಾರು 0.14 ಬಾರ್) ಇಳಿಯುವ ಮೊದಲೇ ಕೆಳಗಿನ ರಿಲೀಫ್ ವಾಲ್ವ್ ತೆರೆದು ಕೋಣೆಯ ನೀರನ್ನು ಹೊರಗೆ ಸುರಿಯುತ್ತದೆ. ಎರಡೂ ಚೆಕ್ ಕೆಟ್ಟರೂ ಕೊಳೆನೀರು ನೆಲಕ್ಕೆ ಬೀಳುತ್ತದೆ, ಲೈನಿಗೆ ಹೋಗುವುದಿಲ್ಲ. ಇದಕ್ಕೆ ತೆರುವ ಬೆಲೆ ಒತ್ತಡ: ಸುಮಾರು 0.7ರಿಂದ 1 ಬಾರ್ ಕಳೆದುಹೋಗುತ್ತದೆ, ಪಂಪಿನ ಲೆಕ್ಕದಲ್ಲಿ ಮೊದಲೇ ಸೇರಿಸಿಕೊಳ್ಳಿ. ತಂಪು ಪಾನೀಯ ಯಂತ್ರಗಳನ್ನು ಮರೆಯಬೇಡಿ. ಅವುಗಳ ಕಾರ್ಬನ್ ಡೈಆಕ್ಸೈಡ್ ಹಿಂದಕ್ಕೆ ಬಂದು ತಾಮ್ರದ ಪೈಪಿನಲ್ಲಿ ಆಮ್ಲವಾಗಿ ತಾಮ್ರವನ್ನು ಕರಗಿಸುತ್ತದೆ, ಕುಡಿದವರಿಗೆ ವಾಂತಿ ಶುರುವಾಗುತ್ತದೆ.

ಆರ್‌ಪಿಝಡ್ ಕೂರಿಸುವ ಮೊದಲು ಲೈನನ್ನು ಜೋರಾಗಿ ಹರಿಯಬಿಟ್ಟು ತೊಳೆಯಿರಿ. ಹೊಸ ಸಾಧನ ಮೊದಲ ದಿನವೇ ಸೋರುವುದು ಹೆಚ್ಚಾಗಿ ಪೈಪು ಕತ್ತರಿಸಿದ ಪುಡಿಯಿಂದ. ಸಾಧನಕ್ಕೆ ಮುಂಚೆ ಕಸ ಹಿಡಿಯುವ ಒಂದು ಸ್ಟ್ರೈನರ್ ಹಾಕಿ, ಬಾಣದ ಗುರುತು ಹರಿವಿನ ದಿಕ್ಕಿಗೇ ಇದೆಯೇ ನೋಡಿ. ನೆಲದಿಂದ ಕನಿಷ್ಠ 300 ಮಿಲಿಮೀಟರ್ ಮೇಲಿರಲಿ, ಗುಂಡಿಯೊಳಗೆ ಎಂದೂ ಬೇಡ. ರಿಲೀಫ್ ವಾಲ್ವಿನ ಬಾಯಿ ನೀರಿನಲ್ಲಿ ಮುಳುಗಿತೆಂದರೆ ರಕ್ಷಣೆಯೇ ಅಪಾಯವಾಗುತ್ತದೆ. ಆ ಬಾಯಿಯನ್ನು ಚರಂಡಿ ಪೈಪಿಗೆ ನೇರವಾಗಿ ಜೋಡಿಸಬೇಡಿ, ಅಲ್ಲೂ ಗಾಳಿಯ ಅಂತರ ಬಿಡಿ. ನೀರು ಬಿಡುವಾಗ ಮೊದಲು ಒಳಬರುವ ವಾಲ್ವನ್ನು ನಿಧಾನವಾಗಿ ತೆರೆದು, ಪರೀಕ್ಷಾ ಕಾಕ್‌ಗಳಿಂದ ಗಾಳಿ ಬಿಟ್ಟು, ಆಮೇಲೆ ಹೊರಹೋಗುವ ವಾಲ್ವ್ ತೆರೆಯಿರಿ. ಕೆಲವರು ಸಾಧನ ಬಿಚ್ಚುವಾಗ ನೀರು ನಿಲ್ಲಬಾರದೆಂದು ಪಕ್ಕದಲ್ಲಿ ಬರೀ ಪೈಪಿನ ಬೈಪಾಸ್ ಹಾಕಿರುತ್ತಾರೆ. ಆ ಬೈಪಾಸ್ ಇದ್ದರೆ ಸಾಧನ ಇದ್ದೂ ಇಲ್ಲದಂತೆ. ನೀರು ನಿಲ್ಲಿಸಲಾಗದ ಕಡೆ ಎರಡು ಆರ್‌ಪಿಝಡ್‌ಗಳನ್ನು ಪಕ್ಕಪಕ್ಕ ಹಾಕಿ.

ರಿಲೀಫ್ ವಾಲ್ವ್ ಸದಾ ತೊಟ್ಟಿಕ್ಕುತ್ತಿದ್ದರೆ ದೋಷ ಎಲ್ಲಿದೆ ಎಂದು ಬಿಚ್ಚುವ ಮೊದಲೇ ತಿಳಿಯಬಹುದು. ಹೊರಹೋಗುವ ವಾಲ್ವ್ ಮುಚ್ಚಿ. ತೊಟ್ಟಿಕ್ಕುವುದು ನಿಂತರೆ ಮುಂದಿನಿಂದ ಎದುರೊತ್ತಡ ಬರುತ್ತಿದೆ, ಎರಡನೇ ಚೆಕ್ ಬಿಗಿಯಾಗಿಲ್ಲ. ನಿಲ್ಲದಿದ್ದರೆ ವಾಲ್ವ್ ಮತ್ತೆ ತೆರೆದು ಮುಂದೆ ಒಂದು ನಲ್ಲಿ ಬಿಟ್ಟು ನೀರು ಹರಿಸಿ. ಹರಿವಿದ್ದಾಗ ನಿಂತರೆ ಮೊದಲ ಚೆಕ್ ಸೋರುತ್ತಿದೆ, ಹರಿವಿದ್ದಾಗಲೂ ಸೋರಿದರೆ ರಿಲೀಫ್ ವಾಲ್ವಿನ ಸೀಟು ಅಥವಾ ಡಯಾಫ್ರಮ್ ನೋಡಿ. ಆಗೊಮ್ಮೆ ಈಗೊಮ್ಮೆ ಒಂದು ಗುಟುಕು ಉಗುಳಿದರೆ ಅದು ಬರುವ ಒತ್ತಡದ ಏರಿಳಿತ. ಸಾಧನಕ್ಕೆ ಮುಂಚೆ ಒಂದು ಸ್ಪ್ರಿಂಗ್ ಚೆಕ್ ವಾಲ್ವ್ ಹಾಕಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಕೂರಿಸಿದಾಗ, ರಿಪೇರಿ ಮಾಡಿದಾಗ, ಮತ್ತು ವರ್ಷಕ್ಕೊಮ್ಮೆ ಡಿಫರೆನ್ಷಿಯಲ್ ಗೇಜ್ (ಎರಡು ಕಡೆಯ ಒತ್ತಡದ ವ್ಯತ್ಯಾಸ ತೋರಿಸುವ ಮಾಪಕ) ಹಾಕಿ ಪರೀಕ್ಷೆ ಮಾಡಿಸಲೇಬೇಕು. ಡಬಲ್ ಚೆಕ್ಕಿನ ಪ್ರತಿ ವಾಲ್ವೂ ಕನಿಷ್ಠ 1 ಪಿಎಸ್‌ಐ ಹಿಡಿದಿಟ್ಟುಕೊಳ್ಳಬೇಕು. ಅದು ಸೋರಿದರೂ ಹೊರಗೆ ತೊಟ್ಟಿಕ್ಕುವುದಿಲ್ಲ, ಗೇಜ್ ಬಿಟ್ಟರೆ ತಿಳಿಯಲು ಬೇರೆ ದಾರಿಯಿಲ್ಲ.

ಲೈನಿನಲ್ಲಿ ಚೆಕ್ ವಾಲ್ವ್ ಬಂತೆಂದರೆ ಗೀಸರ್ ಕಡೆ ಗಮನ ಹರಿಸಿ. ಕಾದ ನೀರು ಹಿಗ್ಗುತ್ತದೆ: 150 ಲೀಟರ್ ನೀರು 10 ಡಿಗ್ರಿಯಿಂದ 60 ಡಿಗ್ರಿಗೆ ಹೋದರೆ ಸುಮಾರು 2.5 ಲೀಟರ್ ಹೆಚ್ಚಾಗುತ್ತದೆ. ಮೊದಲು ಅದು ಬೀದಿ ಲೈನಿಗೆ ತಳ್ಳಿಕೊಳ್ಳುತ್ತಿತ್ತು, ಈಗ ದಾರಿ ಮುಚ್ಚಿದೆ. ಗೀಸರಿನ ಸೇಫ್ಟಿ ವಾಲ್ವ್ ದಿನವೂ ಸೋರತೊಡಗಿದರೆ ವಾಲ್ವ್ ಬದಲಿಸುವುದಲ್ಲ, ಪ್ಲಗ್ ಹಾಕುವುದಂತೂ ಎಂದಿಗೂ ಅಲ್ಲ. ಹಿಗ್ಗಿದ ನೀರಿಗೆ ಜಾಗ ಕೊಡುವ ಎಕ್ಸ್‌ಪ್ಯಾನ್ಷನ್ ಟ್ಯಾಂಕ್ ಹಾಕಿ, ಅದರ ಗಾಳಿಯ ಒತ್ತಡವನ್ನು ಬರುವ ನೀರಿನ ಒತ್ತಡಕ್ಕೆ ಸಮ ಮಾಡಿ.

ಚರಂಡಿಯ ನೀರು ನೆಲಮಾಳಿಗೆಗೆ ಉಕ್ಕುವುದು ಬೇರೆಯೇ ಸಮಸ್ಯೆ, ಅದಕ್ಕೆ ಚರಂಡಿ ಪೈಪಿನೊಳಗೆ ಕೂರುವ ಫ್ಲಾಪಿನ ಬ್ಯಾಕ್‌ವಾಟರ್ ವಾಲ್ವ್. ಬೀದಿಯ ಮ್ಯಾನ್‌ಹೋಲ್ ಮುಚ್ಚಳಕ್ಕಿಂತ ಕೆಳಗಿರುವ ಮೋರಿ, ಕಮೋಡುಗಳ ಪೈಪಿಗೆ ಮಾತ್ರ ಇದನ್ನು ಹಾಕಿ. ಇಡೀ ಮನೆಯ ಪೈಪಿಗೆ ಹಾಕಿದರೆ ವಾಲ್ವ್ ಮುಚ್ಚಿದ ಹೊತ್ತಿನಲ್ಲಿ ಮಹಡಿಯ ಸ್ನಾನದ ನೀರೇ ಕೆಳಗಿನ ಮೋರಿಯಲ್ಲಿ ಉಕ್ಕುತ್ತದೆ. ಮುಚ್ಚಳ ಕೈಗೆ ಸಿಗುವಂತಿರಲಿ, ಆರು ತಿಂಗಳಿಗೊಮ್ಮೆ ತೆರೆದು ಫ್ಲಾಪಿನ ಮೇಲಿನ ಜಿಡ್ಡು ಒರೆಸಿ.

ಬ್ಯಾಕ್‌ಫ್ಲೋ ಆಗಿಬಿಟ್ಟಿದೆ ಎಂಬ ಅನುಮಾನ ಬಂದರೆ, ಅಂದರೆ ನೀರಿಗೆ ಬಣ್ಣ, ನೊರೆ, ಔಷಧಿ ವಾಸನೆ ಬಂದರೆ ಅಥವಾ ಮೀಟರ್ ಹಿಂದಕ್ಕೆ ತಿರುಗಿದರೆ, ಮುಖ್ಯ ವಾಲ್ವ್ ಮುಚ್ಚಿ, ಎಲ್ಲರಿಗೂ ನೀರು ಮುಟ್ಟಬೇಡಿ ಎಂದು ಹೇಳಿ, ಒಂದು ಶುದ್ಧ ಬಾಟಲಿಯಲ್ಲಿ ಮಾದರಿ ಹಿಡಿದಿಟ್ಟು ನೀರು ಸರಬರಾಜಿನವರಿಗೆ ತಿಳಿಸಿ. ಕುದಿಸಿದರೆ ಕ್ರಿಮಿ ಸಾಯುತ್ತದೆ, ರಾಸಾಯನಿಕ ಹೋಗುವುದಿಲ್ಲ. ಕ್ರಾಸ್ ಕನೆಕ್ಷನ್, ಅಂದರೆ ಕುಡಿಯುವ ನೀರಿಗೆ ಬೇರೆ ನೀರು ಕೂಡುವ ಜೋಡಣೆ, ಎಲ್ಲಿತ್ತೆಂದು ಹುಡುಕಿ ಕತ್ತರಿಸಿ. ಬಂದದ್ದು ಕೊಳೆನೀರಾದರೆ ಲೈನು ತೊಳೆದ ಮೇಲೆ 50 ಪಿಪಿಎಂ (ಲೀಟರಿಗೆ 50 ಮಿಲಿಗ್ರಾಂ) ಕ್ಲೋರಿನ್ ನೀರನ್ನು 24 ಗಂಟೆ ನಿಲ್ಲಿಸಿ. 1000 ಲೀಟರಿಗೆ 5 ಶೇಕಡಾದ ಸೋಡಿಯಂ ಹೈಪೋಕ್ಲೋರೈಟ್ 1 ಲೀಟರ್ ಬೇಕಾಗುತ್ತದೆ. ಆ ನೀರು ಪ್ರತಿ ನಲ್ಲಿಯ ತುದಿಗೂ ತಲುಪಿ ವಾಸನೆ ಬರುವವರೆಗೆ ಬಿಟ್ಟು ಮುಚ್ಚಿ. ಮರುದಿನ ಪೂರ್ತಿ ಹರಿಯಬಿಟ್ಟು, ಲ್ಯಾಬಿನಿಂದ ನೀರಿನ ವರದಿ ಬಂದ ಮೇಲೆಯೇ ಕುಡಿಯಲು ಬಳಸಿ.