‘ಸ್ಟೆಟ್’ ಎಂದು ಬರೆದು ಕೆಟ್ಟೆ

ಖಾಸಗಿ ಸಂಸ್ಥೆಯೊಂದರ ದ್ವಿಭಾಷಾ ವಾರ್ಷಿಕ ವರದಿಯ ಕರಡು ತಿದ್ದುವಾಗ ನಡೆದ ಸಂಗತಿಯಿದು. ಇಂಗ್ಲಿಷ್ ಭಾಗದಲ್ಲಿ ‘ಆನರರಿ ಡೈರೆಕ್ಟರ್’ ಎಂದಿದ್ದ ಕಡೆ ‘ಆನರರಿ’ ಬೇಡವೆಂದು ಹೊಡೆದುಹಾಕಿದ್ದೆ. ಹಿಂದಿನ ವರ್ಷದ ವರದಿಯನ್ನು ತೆರೆದು ನೋಡಿದಾಗ ಅದು ಇರಲೇಬೇಕಾದ ಪದವೆಂದು ತಿಳಿದು, ಹೊಡೆದ ಪದದ ಅಡಿಯಲ್ಲಿ ಚುಕ್ಕಿಗಳನ್ನಿಟ್ಟು, ಅಂಚಿನಲ್ಲಿ ‘ಸ್ಟೆಟ್’ ಎಂದು ಬರೆದು ಪುಟವನ್ನು ಅಕ್ಷರ ಜೋಡಿಸುವ ಡಿಟಿಪಿ ವಿಭಾಗಕ್ಕೆ ಕಳುಹಿಸಿದೆ.

‘ಸ್ಟೆಟ್’ ಲ್ಯಾಟಿನ್ ಮೂಲದ ಪದ. ನಿಲ್ಲುವುದನ್ನು ಸೂಚಿಸುವ ‘ಸ್ತಾರೆ’ ಕ್ರಿಯಾಪದದ ಈ ರೂಪಕ್ಕೆ ‘ನಿಲ್ಲಲಿ’ ಎಂದರ್ಥ; ಕರಡಿನಲ್ಲಿ, ಹೊಡೆದದ್ದನ್ನು ಹಾಗೆಯೇ ಉಳಿಸಿ ಎಂಬ ಸೂಚನೆ. ಸಂಸ್ಕೃತದ ‘ಸ್ಥಾ’ ಧಾತು ಇದರ ದಾಯಾದಿಯಾದ್ದರಿಂದ ‘ತಿಷ್ಠತು’ ಎಂದರೂ ಸರಿಯೇ. ಅಳಿಸಲು ನಾವು ಬಳಸುವ ‘ಡೀಲಿ’ ಗುರುತೂ ಲ್ಯಾಟಿನ್ನಿನದೇ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ನ್ಯಾಯಾಲಯಗಳಲ್ಲಿ ಕ್ರಿಮಿನಲ್ ಮೊಕದ್ದಮೆಯನ್ನು ಅನಿರ್ದಿಷ್ಟವಾಗಿ ಮುಂದೂಡಿ ಬದಿಗಿಡುವುದಕ್ಕೂ ‘ಸ್ಟೆಟ್’ ಎನ್ನುತ್ತಾರೆ. ಇಷ್ಟೆಲ್ಲ ನನಗೆ ಗೊತ್ತಿತ್ತು. ಕೆಲಸಕ್ಕೆ ಸೇರಿ ಮೂರು ವಾರವಾಗಿದ್ದ ಡಿಟಿಪಿ ಹುಡುಗನಿಗೆ ಯಾರೂ ಹೇಳಿರಲಿಲ್ಲ. ಅವನು ‘ಆನರರಿ’ಯನ್ನು ತೆಗೆದು, ಆ ಜಾಗದಲ್ಲಿ ‘ಸ್ಟೆಟ್’ ಎಂದು ನಿಷ್ಠೆಯಿಂದ ಕೂಡಿಸಿದ.

ಎರಡನೆಯ ಕರಡು ನನ್ನ ಮೇಜಿಗೆ ಬಂದಾಗ ರಾತ್ರಿ ಒಂಬತ್ತೂವರೆ. ಮುದ್ರಣದ ಪ್ಲೇಟಿಗೆ ಹೋಗಲು ಅರ್ಧ ಗಂಟೆಯಷ್ಟೇ ಉಳಿದಿತ್ತು, ಮ್ಯಾನೇಜರರು ಬಾಗಿಲಲ್ಲೇ ನಿಂತಿದ್ದರು. ಮೊದಲ ಕರಡನ್ನು ಪಕ್ಕದಲ್ಲಿಟ್ಟುಕೊಂಡು ತಾಳೆ ನೋಡಬೇಕೆಂಬ ನಿಯಮವನ್ನು ನಾನೇ ಇತರರಿಗೆ ಕಲಿಸಿದವನು. ಅಂದು ಅದನ್ನು ಡ್ರಾಯರಿನಿಂದ ಹೊರತೆಗೆಯಲೇ ಇಲ್ಲ. ‘ಸ್ಟೆಟ್ ಡೈರೆಕ್ಟರ್’ ಕಣ್ಣಿಗೆ ಬಿತ್ತು. ಕಾಗುಣಿತದ ತಪ್ಪನ್ನು ಹಿಡಿದೆನೆಂಬ ಖುಷಿಯಲ್ಲಿ ಒಂದಕ್ಷರ ಬದಲಿಸಿ, ಒಂದಕ್ಷರ ಸೇರಿಸಿ, ‘ಸ್ಟೇಟ್ ಡೈರೆಕ್ಟರ್’ ಮಾಡಿ ಸಹಿ ಹಾಕಿದೆ.

ಸಾವಿರ ಪ್ರತಿ ಅಚ್ಚಾದವು. ಗೌರವ ನಿರ್ದೇಶಕರು ಇಡೀ ರಾಜ್ಯಕ್ಕೆ ನಿರ್ದೇಶಕರಾಗಿಬಿಟ್ಟಿದ್ದರು. ಸಂಸ್ಥೆಯಿಂದ ಫೋನು ಬಂದಾಗ ನಾನು ಮೊದಲು ಮಾಡಿದ್ದು ಹುಡುಗನನ್ನು ಗದರಿದ್ದು. ಅವನು ಎರಡೂ ಕರಡುಗಳನ್ನು ತಂದು, ಏನೂ ಮಾತಾಡದೆ, ಒಂದರ ಪಕ್ಕದಲ್ಲೊಂದು ಇಟ್ಟ. ಎರಡರಲ್ಲೂ ಇದ್ದದ್ದು ನನ್ನದೇ ಕೆಂಪು ಶಾಯಿ.

ಆ ಸಂಜೆ ನಿಘಂಟು ತೆರೆದಾಗ ಇನ್ನೊಂದು ಪೆಟ್ಟು ಕಾದಿತ್ತು: ‘ಸ್ಟೇಟ್’ ಕೂಡ ಅದೇ ‘ಸ್ತಾರೆ’ಯಿಂದ, ‘ಸ್ಟೇಟಸ್’ ಎಂಬ ರೂಪದ ಮೂಲಕ ಬಂದದ್ದು. ಹುಡುಗನಿಗೆ ಅದನ್ನು ವಿವರಿಸಿದೆ. ಅವನು ತಲೆಯಾಡಿಸಿ, ಅಂಚಿನಲ್ಲಿ ‘ಇರಲಿ’ ಎಂದು ಬರೆದಿದ್ದರೆ ಸಾಕಿತ್ತಲ್ಲವೇ ಎಂದು ಕೇಳಿದ. ಮೂರನೆಯ ಕರಡಿಗೆ ಸಮಯವಿಲ್ಲವೆಂದಿದ್ದ ಮ್ಯಾನೇಜರರು ಸಾವಿರ ಸ್ಟಿಕ್ಕರ್ ಅಂಟಿಸಲು ನಮಗಿಬ್ಬರಿಗೂ ಎರಡು ದಿನ ಕೊಟ್ಟರು.